ಅತ್ತೆಯ ಹಾಜರಿ ಪುಸ್ತಕ

ನಮ್ಮ ಸೋದರತ್ತೆ ಸ್ವರ್ಗಕ್ಕೆ ಹೋದ ಕೂಡಲೇ ಏನು ಮಾಡಿರುತ್ತಾಳೆ ಎಂಬುದನ್ನು ನಾನು ಆಣೆಯಿಟ್ಟು ಹೇಳಬಲ್ಲೆ. ಅಮೃತ ಕೇಳಿರುವುದಿಲ್ಲ, ಅಪ್ಸರೆಯರ ಕುಣಿತ ನೋಡಿರುವುದಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ, ಮೂವತ್ತಮೂರು ಕೋಟಿ ದೇವತೆಗಳನ್ನು ಸಾಲಾಗಿ ಕೂರಿಸಿ, ಹಾಜರಿ ತೆಗೆದುಕೊಂಡಿರುತ್ತಾಳೆ. ಅವಳು ಹೋಗಿ ಬಹಳ ವರ್ಷವಾಯಿತು; ಇಷ್ಟು ಹೊತ್ತಿಗೆ ಎರಡನೇ ಕೋಟಿಗೆ ಬಂದಿರಬೇಕು. ತಡವಾಗಿ ಬಂದ ದೇವರು ಯಾರಾದರೂ ಇದ್ದರೆ ಪಾಪ, ಗೋಡೆಗೆ ಒರಗದೆ ನೆಟ್ಟಗೆ ನಿಂತುಕೊಂಡಿರುತ್ತಾನೆ.

ಅತ್ತೆ ಹುಣಸೂರಿನಲ್ಲಿ ಒಂದು ಹೆಣ್ಣುಮಕ್ಕಳ ಸ್ಕೂಲಿನ ಹೆಡ್‌ಮೇಷ್ಟ್ರಮ್ಮ. ಹೆಡ್ಡೂ ಅವಳೇ, ಮಿಕ್ಕ ಮೇಷ್ಟ್ರಮ್ಮಂದಿರೂ ಅವಳೇ, ಗಂಟೆ ಹೊಡೆಯುವವಳೂ ಅವಳೇ. ಮಹಾರಾಜರ ಕಾಲ ಅದು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳನ್ನು ನಮ್ಮ ತಾತ ಹಟ ಹಿಡಿದು ಮೈಸೂರಿಗೆ ಕಳಿಸಿ ಓದಿಸಿದ್ದರು. ನಮ್ಮ ಮನೆಯ ಅಡುಗೆಕೋಣೆಗೂ ಸ್ಕೂಲಿಗೂ ನಡುವೆ ಒಂದೇ ಮಣ್ಣಿನ ಗೋಡೆ. ಅಲ್ಲಿ ಮಗ್ಗಿ ಹೇಳಿದರೆ ಇಲ್ಲಿ ಕೇಳುತ್ತಿತ್ತು, ಇಲ್ಲಿ ಒಗ್ಗರಣೆ ಹಾಕಿದರೆ ಅಲ್ಲಿ ಇಡೀ ತರಗತಿ ಸೀನುತ್ತಿತ್ತು.

ಎಲ್ಲರಿಗೂ ಒಂದೊಂದು ಹುಚ್ಚಿರುತ್ತದೆ. ಅತ್ತೆಗೆ ಹಾಜರಿಯ ಹುಚ್ಚು. ಕೆಂಪು ರಟ್ಟಿನ ಆ ಉದ್ದನೆಯ ಪುಸ್ತಕ ಅವಳ ಕಂಕುಳಲ್ಲಿ ಇಲ್ಲದ ಹೊತ್ತೇ ಇಲ್ಲ. ಬಂದವರ ಹೆಸರಿನ ಮುಂದೆ 'ಹಾ', ಬಾರದವರ ಮುಂದೆ 'ಗೈ'. ಅದೂ ಎಂಥ ಅಕ್ಷರ! ದಾರ ಹಿಡಿದು ಬರೆದಷ್ಟು ನೆಟ್ಟಗೆ. ನಾವು ಯಾರಾದರೂ ಒಂದಕ್ಷರ ಸೊಟ್ಟಗೆ ಬರೆದರೆ ಹತ್ತು ಸಲ ತಿದ್ದಿಸುತ್ತಿದ್ದಳು. ಮನೆಯಲ್ಲಿ ಊಟಕ್ಕೆ ಎಲೆ ಹಾಕಿದಾಗಲೂ ಎಲ್ಲರ ಹೆಸರು ಕೂಗಬೇಕು. ನಮ್ಮಪ್ಪ ಅವಳ ಸ್ವಂತ ತಮ್ಮ, ಕಚೇರಿಯಲ್ಲಿ ಗುಮಾಸ್ತರು, ಊರಲ್ಲಿ ನಾಲ್ಕು ಜನ ಕೈಮುಗಿಯುವಂಥವರು. ಅವರೂ 'ಹಾಜರ್' ಅನ್ನದಿದ್ದರೆ ಎಲೆಗೆ ಅನ್ನ ಬೀಳುತ್ತಿರಲಿಲ್ಲ.

ಇಂಥವಳ ಕೈಗೆ ಒಂದು ಸಮಾಜ ಸಿಕ್ಕಿದರೆ ಹೇಗಿದ್ದೀತು, ನೀವೇ ಯೋಚಿಸಿ. ಉಪಾಧ್ಯಾಯಿನಿಯರ ಸಮಾಜ ಅಂತ ಒಂದಿತ್ತು. ನಮ್ಮ ಕಡೆ ಅದರದೊಂದು ಶಾಖೆ. ನಾಲ್ಕು ತಾಲ್ಲೂಕಿಗೆ ನಾಲ್ಕೇ ಜನ ಸದಸ್ಯೆಯರು. ಹುಣಸೂರಿಗೆ ನಮ್ಮತ್ತೆ, ಉಳಿದಂತೆ ಪಿರಿಯಾಪಟ್ಟಣದವರೊಬ್ಬರು, ಕೃಷ್ಣರಾಜನಗರದವರೊಬ್ಬರು, ಹೆಗ್ಗಡದೇವನಕೋಟೆಯವರೊಬ್ಬರು. ಅಧ್ಯಕ್ಷೆ ಯಾರು ಅಂತ ಕೇಳಬೇಡಿ. ತಿಂಗಳಿಗೊಂದು ಭಾನುವಾರ ನಮ್ಮ ಮನೆ ಜಗಲಿಯ ಮೇಲೆ ಸಭೆ. ನಾಲ್ವರೂ ಎದುರುಬದುರು ಮಂಡಿಗೆ ಮಂಡಿ ತಾಗುವಂತೆ ಕೂತಿರುತ್ತಿದ್ದರು. ಆದರೂ ಅತ್ತೆ ಪುಸ್ತಕ ಬಿಚ್ಚಿ ಒಬ್ಬೊಬ್ಬರ ಹೆಸರನ್ನೇ ಕೂಗುತ್ತಿದ್ದಳು. ಕೊನೆಯಲ್ಲಿ ತನ್ನ ಹೆಸರನ್ನೂ ತಾನೇ ಕೂಗಿ, ಸ್ವರ ಬದಲಾಯಿಸಿ, ವಿನಯದಿಂದ 'ಹಾಜರ್' ಅನ್ನುತ್ತಿದ್ದಳು. ಒಂದು ಸಲ ಚಳಿಜ್ವರ ಬಂದು ಮಲಗಿದಾಗ ಅಧ್ಯಕ್ಷೆಗೆ ರಜೆಯ ಅರ್ಜಿ ಬರೆದಳು. ಬರೆದದ್ದನ್ನು ಅಧ್ಯಕ್ಷೆಯಾಗಿ ಕಂಬಳಿಯೊಳಗೇ ಓದಿದಳು. 'ಕಾರಣ ಸಮರ್ಪಕವಾಗಿಲ್ಲ' ಎಂದು ಷರಾ ಹಾಕಿ, ಎದ್ದು ಸಭೆಗೆ ಬಂದಳು.

ಕೋಟೆಯವರು ಬಡಕಲು ಜೀವ, ಮಾತು ಕಡಿಮೆ. ಕಾಡಂಚಿನಿಂದ ಗಾಡಿಯಲ್ಲಿ ಬರಬೇಕು. ಒಂದು ಸಭೆಗೆ ಎರಡು ಗಂಟೆ ತಡವಾಗಿ ಬಂದರು.

"ಕಾರಣ?" ಅಂದಳು ಅತ್ತೆ.

"ದಾರೀಲಿ ಆನೆ ನಿಂತಿತ್ತು ಕಣ್ರೀ."

ಅತ್ತೆ 'ಆನೆ' ಅಂತ ಬರೆದುಕೊಂಡಳು. ಮುಂದಿನ ತಿಂಗಳೂ ಅವರು ತಡ, ಮತ್ತೆ ಆನೆ. ಅತ್ತೆ ಹಿಂದಿನ ಪುಟ ತಿರುವಿ ನೋಡಿ, ಕನ್ನಡಕ ಮೇಲಕ್ಕೆ ತಳ್ಳಿ ಕೇಳಿದಳು:

"ಅದೇ ಆನೆಯೋ, ಬೇರೆಯೋ?"

"ಕತ್ತು ತಿರುಗಿಸಿ ನೋಡಕ್ಕೆ ಧೈರ್ಯ ಬರ್ಲಿಲ್ಲ ಕಣ್ರೀ."

"ಮುಂದಿನ ಸಲ ನೋಡಿಕೊಂಡು ಬನ್ನಿ. ಪುಸ್ತಕದಲ್ಲಿ ಸರಿಯಾಗಿ ಬರೀಬೇಕು."

ಸಮಾಜ ಮಾಡುತ್ತಿದ್ದ ಕೆಲಸಗಳೇನು ಕಡಿಮೆಯಲ್ಲ. ಕೋಟೆ ಕಡೆ ಹಳ್ಳಿಗಳಿಗೆ ಹೋಗಿ ಚಳಿಜ್ವರದ ಗುಳಿಗೆ ಹಂಚುವುದು, ಹೆಂಗಸರಿಗೆ ರುಜು ಹಾಕುವುದನ್ನು ಕಲಿಸುವುದು, ಯುದ್ಧಕ್ಕೆ ಹೋದ ಸಿಪಾಯಿಗಳಿಗೆ ಉಣ್ಣೆಯ ಮಫ್ಲರ್ ಹೆಣೆಯುವುದು. ಪಿರಿಯಾಪಟ್ಟಣದವರು ಮಾತಾಡುತ್ತಾ ಹೆಣೆಯುವವರು, ಮಾತು ಮುಗಿಯುವವರೆಗೂ ಮಫ್ಲರ್ ಮುಗಿಯುತ್ತಿರಲಿಲ್ಲ. ಅವರ ಒಂದು ಮಫ್ಲರಿಗೆ ಮೂವರು ಸಿಪಾಯಿಗಳು ಒಟ್ಟಿಗೇ ನಿಲ್ಲಬೇಕಾಗುತ್ತಿತ್ತು.

ಈ ಸೇವೆಗೆಲ್ಲ ಓಡಾಟ ಬಸ್ಸಿನಲ್ಲಿ. ಯುದ್ಧದ ಕಾಲವಾದ್ದರಿಂದ ಬಸ್ಸು ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ಓಡುತ್ತಿತ್ತು ಅನ್ನುವುದು ಗೌರವದ ಮಾತು; ಏರು ಬಂದಾಗಲೆಲ್ಲ ಜನ ಇಳಿದು ತಳ್ಳಬೇಕು. ಅತ್ತೆ ಹೊರಡುವಾಗಲೇ ಎಲ್ಲರ ಹೆಸರು ಬರೆದುಕೊಂಡು, ತಳ್ಳಿ ಮುಗಿದ ಮೇಲೆ ಹಾಜರಿ ಕೂಗುತ್ತಿದ್ದಳು. ಎಲ್ಲರೂ ಹಾಜರಾಗುವವರೆಗೆ ಡ್ರೈವರ್ ಬಸ್ಸು ಬಿಡುವಂತಿಲ್ಲ. ಒಂದು ದಿನ ಹಾಜರಿ ಸರಿಯಾಗಿಯೇ ಇತ್ತು, ಬಸ್ಸು ಹೊರಟಿತು. ಎರಡು ಮೈಲಿ ಬಂದ ಮೇಲೆ ನೋಡುತ್ತಾರೆ, ಕಂಡಕ್ಟರೇ ಇಲ್ಲ. ಅವನ ಹೆಸರು ಪಟ್ಟಿಯಲ್ಲಿರಲಿಲ್ಲ! ಪಾಪ, ಓಡಿ ಓಡಿ ಬಂದು ಏದುಸಿರು ಬಿಡುತ್ತಿದ್ದವನಿಗೆ ಅತ್ತೆ ಹೇಳಿದಳು, "ನಿನ್ ಹೆಸ್ರು ಹೇಳಪ್ಪ, ಬರ್ಕೊತೀನಿ. ಇನ್ಮೇಲೆ ನೀನು ತಪ್ಪಿಸ್ಕೊಳ್ಳೋ ಹಂಗಿಲ್ಲ."

ಇಷ್ಟೆಲ್ಲ ಇದ್ದರೂ ಸಮಾಜದ ಮುಖ್ಯವಾದ ಕೆಲಸ ಒಂದೇ. ಆಗ ಹೆಣ್ಣುಮಕ್ಕಳು ಮೂರು, ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ಮದುವೆ ಅಂತಲೋ, ಮನೆಗೆಲಸ ಅಂತಲೋ ಬಿಡಿಸಿಬಿಡುತ್ತಿದ್ದರು. ತಿಂಗಳುಗಟ್ಟಲೆ ಬಾರದವರ ಹೆಸರು ಹೊಡೆದುಹಾಕಬೇಕು ಎಂಬುದು ಮೇಲಿನವರ ನಿಯಮ. ಯಾವ ಹೆಣ್ಣುಮಗುವಿನ ಹೆಸರನ್ನೂ ಹೊಡೆದುಹಾಕಬಾರದು ಎಂಬುದು ನಮ್ಮ ಶಾಖೆಯ ನಿರ್ಣಯ. ಹುಡುಗಿ ಸ್ಕೂಲಿಗೆ ಬಾರದಿದ್ದರೆ ಹಾಜರಿ ಪುಸ್ತಕವೇ ಹುಡುಗಿಯ ಮನೆಗೆ ಹೋಗುತ್ತಿತ್ತು. ನಾಲ್ವರೂ ಬಾಗಿಲಲ್ಲಿ ನಿಂತು ಅವಳ ಹೆಸರು ಕೂಗುವರು. ಅವಳು 'ಹಾಜರ್' ಅಂದರೆ ಮುಗಿಯಿತು, ಬಂದ ಲೆಕ್ಕ. ಅಲ್ಲೇ ಕೂರಿಸಿ ಅರ್ಧ ಗಂಟೆ ಪಾಠ ಮಾಡಿಯೇ ಏಳುವರು.

ಗಾವಡಗೆರೆಯ ಹುಡುಗಿಯೊಬ್ಬಳು ಅಜ್ಜಿಯ ಮನೆಯಲ್ಲಿದ್ದುಕೊಂಡು ನಮ್ಮ ಸ್ಕೂಲಿಗೆ ಬರುತ್ತಿದ್ದಳು. ನಂಬರ್ ಹನ್ನೊಂದು. ಪರೀಕ್ಷೆ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಮದುವೆ. ಸಮಾಜ ಗಾಡಿ ಕಟ್ಟಿಸಿಕೊಂಡು ಚಪ್ಪರಕ್ಕೇ ಹೋಯಿತು, ನಾನೂ ಜೊತೆಗಿದ್ದೆ. ಅಂತರಪಟ ಹಿಡಿದಿದ್ದಾರೆ, ಓಲಗ ಒಂದು ಗಳಿಗೆ ನಿಂತಿದೆ. ಅಷ್ಟರಲ್ಲಿ ಅತ್ತೆಯ ದನಿ: "ನಂಬರ್ ಹನ್ನೊಂದು!"

ಬಾಸಿಂಗ ಕಟ್ಟಿದ್ದ ಹುಡುಗಿ ಅಭ್ಯಾಸಬಲದಿಂದ ಎದ್ದು ನಿಂತು "ಹಾಜರ್, ಮೇಷ್ಟ್ರಮ್ಮ" ಅಂದುಬಿಟ್ಟಳು. ಅಂತರಪಟದ ಆ ಕಡೆ ಗಂಡಿಗೂ ಸ್ಕೂಲಿನ ಹೆದರಿಕೆ ಇನ್ನೂ ಹೋಗಿರಲಿಲ್ಲವೆಂದು ಕಾಣುತ್ತದೆ, ಅವನೂ ಎದ್ದು ನಿಂತ. ಗಂಡಿನ ತಂದೆ ರೇಗಿದರು.

"ಇದೇನ್ ಮೇಷ್ಟ್ರಮ್ಮ, ಧಾರೆ ಒತ್ನಲ್ಲಿ ಆಜ್ರಿ ಕೂಗ್ತೀರಲ್ಲ?"

"ಮದುವೆ ಇವತ್ತಿಗೆ ಮುಗೀತದೆ ಕಣಪ್ಪ. ಪರೀಕ್ಷೆಗೆ ಇನ್ನೂ ಹದಿನೈದು ದಿನ ಅದೆ. ಅದೊಂದು ಬರೆಸಿಬಿಡು, ಸೊಸೆ ಕಾಗದ ಓದೋ ಹಂಗಾಗ್ತಾಳೆ."

ಜನ ಗೊಳ್ಳೆಂದು ನಕ್ಕರು, ಅವರ ಸಿಟ್ಟೂ ಇಳಿಯಿತು. ಹದಿನೈದು ದಿನ ಕಳೆದ ಮೇಲೆ ಹನ್ನೊಂದನೇ ನಂಬರು ಕೈತುಂಬ ಹಸಿರು ಬಳೆ ತೊಟ್ಟುಕೊಂಡೇ ಪರೀಕ್ಷೆಗೆ ಬಂದಳು. ಬಳೆಯ ಸದ್ದಿಗೆ ನಮಗೆ ಯಾರಿಗೂ ಲೆಕ್ಕ ಹತ್ತಲಿಲ್ಲ.

ಈಗ ಏಳನೇ ನಂಬರಿನ ವಿಷಯ ಹೇಳಬೇಕು. ಮೈಸೂರಿನಿಂದ ಬಂದ ಇನ್‌ಸ್ಪೆಕ್ಟ್ರೆಸ್ ಅಮ್ಮನವರು ಒಂದು ಸಲ ಪುಸ್ತಕ ತಿರುವಿ ಕಣ್ಣರಳಿಸಿದರು. "ಇದ್ಯಾರ್ರೀ, ಪುಟ್ಟಲಕ್ಷ್ಮಿ? ವರ್ಷಪೂರ್ತಿ 'ಗೈ' ಇದೆ. ಹೋದ ವರ್ಷದ್ದರಲ್ಲೂ ಇದೆ. ಅದರ ಹಿಂದಿನದರಲ್ಲೂ! ಎಷ್ಟು ವರ್ಷವಾಯಿತು ಈ ಹುಡುಗಿ ಬಂದು?"

"ಹದಿನಾಲ್ಕು."

"ಹದಿನಾಲ್ಕು ವರ್ಷ ಬಾರದವಳು ಸ್ಕೂಲು ಬಿಟ್ಟಳು ಅಂತಲೇ ಅಲ್ಲವೇನ್ರಿ?"

"ಇಲ್ಲಮ್ಮ, ಇನ್ನೂ ಬಂದಿಲ್ಲ ಅಷ್ಟೆ," ಅಂದಳು ಅತ್ತೆ.

ಪುಟ್ಟಲಕ್ಷ್ಮಿ ಅಂದರೆ ಬೇರೆ ಯಾರೂ ಅಲ್ಲ, ನಮ್ಮಮ್ಮ. ಅತ್ತೆಯ ತರಗತಿಯಲ್ಲೇ ಎಲ್ಲರಿಗಿಂತ ಚುರುಕಾದ ಹುಡುಗಿಯಂತೆ. ಒಂದು ಸಂಜೆ ಯಾವುದೋ ಪುಸ್ತಕ ಕೊಡುತ್ತೇನೆಂದು ಅತ್ತೆ ಅವಳನ್ನು ಮನೆಗೆ ಕರೆತಂದಳು. ಅಜ್ಜಿ ನೋಡಿದರು, ಹುಡುಗಿ ಲಕ್ಷಣವಾಗಿದ್ದಾಳೆ ಅಂದರು, ತಿಂಗಳೊಳಗೆ ಮಗನಿಗೆ ತಂದುಕೊಂಡರು. ಸೊಸೆ ಸ್ಕೂಲಿಗೆ ಹೋಗುವುದುಂಟೆ? ತಾನೇ ಕೈಹಿಡಿದು ಕರೆತಂದ ಹುಡುಗಿ ಗೋಡೆಯ ಈಚೆಗೇ ಉಳಿದುಹೋದದ್ದನ್ನು ಅತ್ತೆ ಎಂದೂ ಬಾಯಿಬಿಟ್ಟು ಆಡಲಿಲ್ಲ. ದಿನಾ ಬೆಳಗ್ಗೆ ಏಳನೇ ಹೆಸರು ಮಾತ್ರ ಕೂಗುತ್ತಿದ್ದಳು. ಈಚೆ ಅಡುಗೆಕೋಣೆಯಲ್ಲಿ ಅಮ್ಮನ ರುಬ್ಬುವ ಕಲ್ಲು ಒಂದು ಗಳಿಗೆ ನಿಲ್ಲುತ್ತಿತ್ತು, ಆಮೇಲೆ ಮತ್ತೆ ತಿರುಗುತ್ತಿತ್ತು. ಅಮ್ಮ ಒಂದು ದಿನವೂ ಉತ್ತರ ಕೊಟ್ಟದ್ದಿಲ್ಲ.

ನನಗೆ ಹನ್ನೆರಡು ವರ್ಷ ತುಂಬಿದಾಗ ನನ್ನ ಸರದಿಯೂ ಬಂತು. ನಾನು ಹದಿನಾಲ್ಕನೇ ನಂಬರು. ಕೊಪ್ಪದ ಕಡೆಯಿಂದ ಯಾರೋ ಹೆಣ್ಣು ಕೇಳುತ್ತಿದ್ದಾರೆಂದು ಅಜ್ಜಿ, "ಸೋಮವಾರದಿಂದ ಇವ್ಳು ಸ್ಕೂಲಿಗೆ ಹೋಗೋದು ಬೇಡ, ಅಡುಗೆ ಕಲೀಲಿ" ಅಂದುಬಿಟ್ಟರು. ಅಪ್ಪ ಅಜ್ಜಿಗೆ ಎದುರಾಡುವವರಲ್ಲ. ನಾನು ಅತ್ತು ಅತ್ತು ಮೂಗು ಕೆಂಪಗೆ ಮಾಡಿಕೊಂಡು ಅತ್ತೆಯ ಮುಖ ನೋಡಿದೆ. ಅತ್ತೆ ಭಾನುವಾರ ಸಮಾಜದ ತುರ್ತು ಸಭೆ ಕರೆದಳು.

ಸಭೆ ಮುಗಿಸಿ ನಾಲ್ವರೂ ಹಿತ್ತಿಲಿಂದ ಆಚೆ ಹೋಗಿ, ಬೀದಿ ಸುತ್ತಿಕೊಂಡು ಬಂದು, ನಮ್ಮ ಮುಂಬಾಗಿಲು ತಟ್ಟಿದರು. ಅಪ್ಪ ಬಾಗಿಲು ತೆಗೆದರು.

"ಮನೆ ಯಜಮಾನರು ನೀವೇ ಏನ್ರಿ?" ಅಂತ ಅತ್ತೆ ತನ್ನ ಸ್ವಂತ ತಮ್ಮನನ್ನು ಕೇಳಿದಳು.

"ಇದೇನಕ್ಕ?"

"ಅಕ್ಕ ಒಳಗಿರಬೇಕು, ಆಮೇಲೆ ವಿಚಾರಿಸಿ. ನಾವು ಸಮಾಜದವರು. ನಿಮ್ಮ ಮಗಳನ್ನ ಸ್ಕೂಲು ಬಿಡಿಸ್ತೀರ ಅಂತ ಸುದ್ದಿ ಬಂತು."

ಅಪ್ಪ ಪಂಚೆಯ ಅಂಚು ಸರಿಮಾಡಿಕೊಳ್ಳುತ್ತಾ, ನಗಬೇಕೋ ಬೇಡವೋ ತಿಳಿಯದೆ, ಅಜ್ಜಿಯ ಕಡೆ ನೋಡಿದರು. ಅಜ್ಜಿ ನಗಲಿಲ್ಲ.

"ಬಂದವ್ರು ಕೂತ್ಕೊಳ್ಳಿ. ಸಮಾಜಕ್ಕೆ ಕಾಫಿ ಕೊಡ್ತೀನಿ, ಮೊಮ್ಮಗಳ್ನ ಕೊಡಲ್ಲ," ಅಂದರು.

ಕಾಫಿ ಬಂತು. ಕುಡಿದು ಮೂವರೂ ತಮ್ಮ ತಮ್ಮ ಊರಿಗೆ ಹೋದರು. ಆ ಸಂಜೆ ಎಲೆ ಹಾಕಿದಾಗ ಅತ್ತೆ ಯಾರ ಹೆಸರನ್ನೂ ಕೂಗಲಿಲ್ಲ. ಸುಮ್ಮನೆ ತಲೆತಗ್ಗಿಸಿ ಉಂಡಳು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಸೋಮವಾರ ಬೆಳಗ್ಗೆ ನಾನು ಅಮ್ಮನ ಪಕ್ಕದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ. ಗೋಡೆಯ ಆಚೆ ಗಂಟೆ ಹೊಡೆಯಿತು. ಒಂದು, ಎರಡು, ಮೂರು ಅಂತ ಹೆಸರುಗಳು ಬಂದವು. "ನಂಬರ್ ಏಳು, ಪುಟ್ಟಲಕ್ಷ್ಮಿ." ರುಬ್ಬುವ ಕಲ್ಲು ನಿಂತಿತು, ಮತ್ತೆ ತಿರುಗಿತು. "ನಂಬರ್ ಹದಿನಾಲ್ಕು, ಜಾನಕಿ." ನಾನು ತುಟಿ ಕಚ್ಚಿಕೊಂಡೆ. ಯಾವ ಹೆಸರನ್ನೂ ಎರಡನೇ ಸಲ ಕೂಗುವ ಪದ್ಧತಿ ಅತ್ತೆಗಿರಲಿಲ್ಲ. ಅವತ್ತು ಕೂಗಿದಳು. "ಜಾನಕಿ."

ಅಮ್ಮ ಕಲ್ಲು ಬಿಟ್ಟು ಎದ್ದಳು. ಕೈತುಂಬ ಹಿಟ್ಟು, ತೊಳೆದುಕೊಳ್ಳಲೂ ಇಲ್ಲ. ನನ್ನ ರಟ್ಟೆ ಹಿಡಿದು ಎಬ್ಬಿಸಿ, ಹಿತ್ತಿಲ ಬಾಗಿಲು ದಾಟಿ ಸ್ಕೂಲಿನ ಹೊಸ್ತಿಲ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ತಾನೂ ನಿಂತಳು.

"ಹಾಜರ್, ಮೇಷ್ಟ್ರಮ್ಮ," ಅಂದಳು. ಹದಿನಾಲ್ಕು ವರ್ಷದಿಂದ 'ಅತ್ತಿಗೆ' ಅನ್ನುತ್ತಿದ್ದವಳು.

ಅತ್ತೆ ಪುಸ್ತಕದಿಂದ ತಲೆ ಎತ್ತಲಿಲ್ಲ. "ಯಾರ ಹಾಜರಿ?"

"ಇಬ್ಬರದೂ."

"ಹೊತ್ತಾಗಿದೆ. ಗೋಡೆ ಹತ್ತಿರ ನಿಂತ್ಕೊಳ್ಳಿ, ಇಬ್ಬರೂ."

ನಿಂತುಕೊಂಡೆವು. ಅಮ್ಮನ ಕೈಯ ಹಿಟ್ಟು ನನ್ನ ಕೈಗೂ ಮೆತ್ತಿತ್ತು, ಅವಳು ಬಿಡಲಿಲ್ಲ. ಅಷ್ಟರಲ್ಲಿ ಅಜ್ಜಿ ಸಿಟ್ಟಿನಿಂದ ಬಾಗಿಲಿಗೆ ಬಂದರು. "ಒಲೆ ಮೇಲೆ ಸಾರು ಕುದೀತಾ ಅದೆ, ಇಲ್ಲಿ ಬಂದು ನಿಂತಿದೀಯಲ್ಲೇ..." ಅಂದವರು ಅಲ್ಲಿಗೇ ನಿಲ್ಲಿಸಿದರು. ಸೊಸೆ ಪುಟ್ಟ ಹುಡುಗಿಯ ಹಾಗೆ ನೆಟ್ಟಗೆ ನಿಂತಿದ್ದಳು. ಮಗಳು ಪುಸ್ತಕದ ಮೇಲೆ ಬಗ್ಗಿದ್ದಳು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದಳು. ಅಜ್ಜಿ ಒಬ್ಬೊಬ್ಬರನ್ನೇ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಸಾರು ನಾನಿಳಿಸ್ತೀನಿ ಬುಡು," ಅಂದು ಹೊರಟುಹೋದರು.

ಕೊಪ್ಪದ ಮಾತು ಆಮೇಲೆ ಯಾರೂ ಎತ್ತಲಿಲ್ಲ. ನಾನು ಓದಿದೆ, ಮೇಷ್ಟ್ರಮ್ಮನೂ ಆದೆ. ಅಮ್ಮ ದಿನಾ ಮನೆಗೆಲಸ ಮುಗಿಸಿ ಬಂದು, ಗೋಡೆ ಹತ್ತಿರ ಸ್ವಲ್ಪ ಹೊತ್ತು ನಿಂತು, ನನ್ನ ಪಕ್ಕದಲ್ಲಿ ಕೂತು ನಾಲ್ಕನೇ ತರಗತಿ ಮುಗಿಸಿದಳು. ಲೆಕ್ಕದಲ್ಲಿ ನನಗಿಂತ ಮುಂದೆ.

ಆ ವರ್ಷದ ಹಾಜರಿ ಪುಸ್ತಕ ಈಗ ನನ್ನ ಪೆಟ್ಟಿಗೆಯಲ್ಲಿದೆ. ಆಗಾಗ ತೆಗೆದು ನೋಡುತ್ತೇನೆ. ಏಳನೇ ಸಾಲಿನಲ್ಲಿ ವರ್ಷದ ಆರಂಭದಿಂದ ದಾರ ಹಿಡಿದಂತೆ 'ಗೈ', 'ಗೈ', 'ಗೈ'. ಆ ಸೋಮವಾರದ ಚೌಕದಲ್ಲಿ ಮೊದಲನೇ 'ಹಾ'. ಅದು ಸೊಟ್ಟಗಿದೆ, ಮಸಿಯೂ ಹರಡಿದೆ. ಬೇರೆ ಯಾರಾದರೂ ಹಾಗೆ ಬರೆದಿದ್ದರೆ ಅತ್ತೆ ಹತ್ತು ಸಲ ತಿದ್ದಿಸುತ್ತಿದ್ದಳು.