ಎಲ್ಲಿಗೆ ಎಂದು ಕೇಳುವ ಅಡ್ಡಕೋಲಿನವರಿಗೆ

ಮಾನ್ಯರೇ,

ಹೆದ್ದಾರಿಯ ಟೋಲ್‌ಗೇಟಿನಲ್ಲಿ ಹಗಲಿರುಳು ಏಳುತ್ತ ಬೀಳುತ್ತ ದೇಶಸೇವೆ ಮಾಡುತ್ತಿರುವ ಅಡ್ಡಕೋಲಿನವರಾದ ತಮ್ಮ ಸನ್ನಿಧಿಗೆ, ಹಂಗಾರಕಟ್ಟೆಯ ತೆಂಗಿನಕಾಯಿ ವ್ಯಾಪಾರಿ ರಾಜೇಂದ್ರನು ಓಮ್ನಿಯಿಂದ ಕೆಳಗಿಳಿದು, ಹಾರ್ನ್ ಹೊಡೆಯದೆ, ಕೈಮುಗಿದು ಮಾಡಿಕೊಳ್ಳುವ ವಿಜ್ಞಾಪನೆ. ತಮ್ಮ ಆರೋಗ್ಯವನ್ನು ದಿನವೂ ಕಣ್ಣಾರೆ ಕಾಣುತ್ತಿರುವುದರಿಂದ ಅದನ್ನು ಬೇರೆಯಾಗಿ ವಿಚಾರಿಸುವುದಿಲ್ಲ.

ಮೊದಲಿಗೆ ತಮ್ಮ ಕರ್ತವ್ಯನಿಷ್ಠೆಗೆ ಅಭಿನಂದನೆ ಸಲ್ಲಬೇಕು. ಕುಂದಾಪುರ ಪೇಟೆಯ ಮೇಲ್ಸೇತುವೆಯ ಕಂಬಗಳು ತಲೆಯ ಮೇಲೆ ಏನು ಹೊರಬೇಕೆಂದು ತಿಳಿಯದೆ ವರ್ಷಗಟ್ಟಲೆ ನಿಂತಿರುವಾಗ, ಸರ್ವೀಸ್ ರಸ್ತೆಯು ನಕ್ಷೆಯಿಂದ ಕೆಳಗಿಳಿಯಲು ಮನಸ್ಸು ಮಾಡದಿರುವಾಗ, ಚರಂಡಿ ಎಲ್ಲಿ ಎಂದು ಮಳೆನೀರು ಜನರ ಅಂಗಳಕ್ಕೇ ಬಂದು ವಿಚಾರಿಸುತ್ತಿರುವಾಗ, ಇಡೀ ಹೆದ್ದಾರಿಯಲ್ಲಿ ಎಲ್ಲರಿಗಿಂತ ಮೊದಲು ಪೂರ್ಣಗೊಂಡು ಕೆಲಸಕ್ಕೆ ಹಾಜರಾದವರು ತಾವೊಬ್ಬರೇ. ಎಲೆ ಹಾಕುವ ಮೊದಲೇ ಬಿಲ್ಲು ತಂದಿಡುವ ಚುರುಕಿನ ಮಾಣಿಯನ್ನು ನಾನು ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುವಾಗಲೂ ಕಂಡವನಲ್ಲ.

ತಾವು ಕಠಿಣರೆಂದು ಯಾರೂ ಹೇಳಬಾರದು. ಊರಿನವರೆಲ್ಲ ರಸ್ತೆಯಲ್ಲಿ ಕೂತು ಗಲಾಟೆ ಮಾಡಿದ ಮೇಲೆ ಸ್ಥಳೀಯರ ಗಾಡಿಗಳಿಗೆ ತಾವು ಪುಕ್ಕಟೆಯಾಗಿ ಏಳುವುದೆಂದು ತೀರ್ಮಾನವಾಯಿತು. ಆ ಗಲಾಟೆಯಲ್ಲಿ ಮುಂದಿನ ಸಾಲಿನಲ್ಲೇ ಕೂತು, ಪ್ರಾಣ ಹೋದರೂ ಟೋಲ್ ಕೊಡುವುದಿಲ್ಲವೆಂದು ಕೂಗಿ ಗಂಟಲು ಕಟ್ಟಿಸಿಕೊಂಡವಳು ನನ್ನ ಅಕ್ಕ ವನಜ. ಪುಕ್ಕಟೆಗೆ ಇದ್ದದ್ದು ಒಂದೇ ಷರತ್ತು: ಕಿಟಕಿಯಲ್ಲಿ ಕೂತ ನೌಕರರು ಎಲ್ಲಿಗೆ ಹೋಗುತ್ತೀರೆಂದು ಕೇಳುತ್ತಾರೆ, ನಾವು ಹೇಳಬೇಕು. ಉತ್ತರದ ಯಾವುದೋ ರಾಜ್ಯದಿಂದ ಬಂದ ಆ ಸಂಭಾವಿತರು ಇದಕ್ಕೆಂದೇ ಕನ್ನಡ ಕಲಿತು, "ಎಲ್ಲಿಗೆ ಹೋಗುವುದು?" ಎಂದು ನಗುನಗುತ್ತ ಕೇಳುತ್ತಾರೆ.

ತೊಂದರೆ ಶುರುವಾಗುವುದು ಅಲ್ಲಿಯೇ. ತಾವು ಕಬ್ಬಿಣದ ವಂಶಸ್ಥರಾದ್ದರಿಂದ ತಿಳಿದಿರಲಾರದು. ಶುಭಕಾರ್ಯಕ್ಕೆ ಹೊರಟವರನ್ನು ನಮ್ಮ ಕಡೆ ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ಆಗ ಮನೆಗೆ ಹಿಂತಿರುಗಿ, ಚಾವಡಿಯಲ್ಲಿ ಸ್ವಲ್ಪ ಹೊತ್ತು ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಇದನ್ನು ನಾನು ನಂಬುತ್ತೇನೋ ಇಲ್ಲವೋ ಎಂಬುದು ಮುಖ್ಯವಲ್ಲ. ಅಕ್ಕ ನಂಬುತ್ತಾಳೆ, ಮತ್ತು ಅಕ್ಕ ಓಮ್ನಿಯ ಮುಂದಿನ ಸೀಟಿನಲ್ಲಿ ಕೂರುತ್ತಾಳೆ.

ಕಳೆದ ಭಾನುವಾರ ಮಧ್ಯಾಹ್ನ ನಾವು ಹೊರಟದ್ದು ಅಕ್ಕನ ಮಗ ಸುಧೀರನಿಗೆ ಹೆಣ್ಣು ನೋಡಲು. ಸುಧೀರ ದೋಣಿ ಕಟ್ಟುವ ಕೆಲಸದವ. ಕೈಯಲ್ಲಿ ವಿದ್ಯೆಯಿದೆ, ಬಾಯಲ್ಲಿ ಮಾತಿಲ್ಲ, ವಯಸ್ಸು ನಲವತ್ತರ ಬಾಗಿಲು ತಟ್ಟುತ್ತಿದೆ. ಬಂದ ಸಂಬಂಧಗಳೆಲ್ಲ ಏನೋ ಒಂದು ನೆಪದಲ್ಲಿ ಮುರಿದುಬಿದ್ದು, ಇನ್ನು ಹೆಣ್ಣು ನೋಡುವುದೇ ಬೇಡ ಎಂದು ಕೂತವನಿಗೆ ತಲ್ಲೂರಿನಾಚೆಯ ಸೌಮ್ಯಶ್ರೀ ಎಂಬ ಹುಡುಗಿಯ ಫೋಟೋ ಬಂದ ಮೇಲೆ ಮುಖದಲ್ಲಿ ಕಳೆ ಬಂದಿತ್ತು. ಬೆಳಿಗ್ಗೆಯೇ ಎದ್ದು ಕೈಗಂಟಿದ ರಾಳವನ್ನು ಸೀಮೆಎಣ್ಣೆ ಹಾಕಿ ಉಜ್ಜಿಕೊಳ್ಳುತ್ತಿದ್ದವನನ್ನು ಕಂಡು ನಾನೂ ಓಮ್ನಿಯನ್ನು ಇನ್ನೊಮ್ಮೆ ತೊಳೆದೆ.

ಗೇಟಿಗೆ ಬಂದೆವು. ತಮ್ಮ ನೌಕರರು ನಕ್ಕರು, ಕೇಳಿದರು. ತಾವು ಗೌರವದಿಂದ ಎದ್ದು ನಿಂತಿರಿ. ಅಕ್ಕ ಮಾತ್ರ, "ಗಾಡಿ ತಿರ್ಗ್ಸ್ ಮಾರಾಯಾ, ಎಲ್ಲಿಗೆ ಅಂದ್ ಕೇಂಡ್ ಆಯ್ತಲೆ, ಇನ್ ಹೋರೆ ಕೆಲ್ಸ ಆಪ್ದಲ್ಲ" ಎಂದಳು. ತಿರುಗಿಸುವುದಾದರೂ ಎಲ್ಲಿ? ಡಿವೈಡರ್ ಹಿಡಿದು ಮುಂದೆ ಸಾಗಿ, ಎಲ್ಲೋ ದೂರದ ತಿರುವಿನಲ್ಲಿ ಸುತ್ತಿ, ತಮ್ಮ ಅಣ್ಣತಮ್ಮಂದಿರು ನಿಂತ ಆಚೆ ಸಾಲಿನಿಂದ ಒಳಬಂದರೆ ಅಲ್ಲಿಯೂ ಎಲ್ಲಿಗೆ ಎಂದು ಕೇಳಿದರು. ನೀವು ಕೇಳಿದ್ದಕ್ಕೇ ಮನೆಗೆ ಹೋಗುತ್ತಿದ್ದೇವೆ ಎಂದು ಹೇಳಿ ಬಂದು, ಕೂತು, ನೀರು ಕುಡಿದು, ಮತ್ತೆ ಹೊರಟೆವು.

ಈ ಸಲ ಅಕ್ಕ ಏನು ಮಾಡಿದಳೆಂಬುದನ್ನು ಬರೆಯುವಾಗ ನನಗೆ ಈಗಲೂ ನಾಚಿಕೆಯಾಗುತ್ತದೆ. ದುಡ್ಡು ಕೊಟ್ಟು ಹೋಗುವವರನ್ನು ಯಾರೂ ಏನೂ ಕೇಳುವುದಿಲ್ಲವೆಂದು ಯೋಚಿಸಿ, ಅಷ್ಟು ಕೂಗಿದ ನನ್ನ ಅಕ್ಕ ಮಗನಿಗಾಗಿ ತಾನೇ ಪರ್ಸು ಬಿಚ್ಚಿ, "ಹ್ವಾಯ್, ದುಡ್ಡ್ ತಕಣಿ, ಎಂತದೂ ಕೇಂಬುಕಾಗ" ಎಂದು ನೋಟು ಚಾಚಿದಳು. ನೌಕರರು ಸಂತೋಷದಿಂದ ಸ್ವೀಕರಿಸಿ, ರಸೀದಿ ಹರಿಯುವ ಮೊದಲು, ಹೋಗುವುದು ಮಾತ್ರವೋ, ವಾಪಸು ಬರುವುದೂ ಉಂಟೋ ಎಂದು ಕೇಳಿಬಿಟ್ಟರು. ಮಾನ್ಯರೇ, ಹೊರಡುವಾಗ ಹೋಗುತ್ತೇನೆ ಎನ್ನಲೂ ಹೆದರಿ ಬರುತ್ತೇನೆ ಎನ್ನುವ ಜನ ನಾವು. ಹೆಣ್ಣು ನೋಡಲು ಹೊರಟವರನ್ನು ವಾಪಸು ಬರುತ್ತೀರಾ ಎಂದು ಕೇಳಿದವರು ಈ ಭೂಮಿಯ ಮೇಲೆ ಇನ್ನಾರೂ ಇರಲಾರರು.

ಮತ್ತೆ ಮನೆ, ಮತ್ತೆ ನೀರು, ಅಷ್ಟರಲ್ಲಿ ಸಂಜೆಯ ರಾಹುಕಾಲ. ಅತ್ತ ಗೋಳಿಬಜೆ ಕರಿದಿಟ್ಟು ಕಾದ ಹುಡುಗಿಯ ತಾಯಿ ಸುಂದರಿಯಮ್ಮನವರು ಫೋನಿನಲ್ಲಿ, "ಹೆಣ್ಣ್ ಕಾಂಬುಕೇ ಇಷ್ಟ್ ಹೊತ್ತಾರೆ, ನಾಳೆ ನಮ್ ಮಗ್ಳ್ ತೌರಿಗ್ ಬಪ್ಪುದ್ ಹ್ಯಾಂಗೆ?" ಎಂದರು. ಸುಧೀರ ಹೊಸ ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿ, ಹೊರಗೆ ಹೋಗಿ ನಿಂತ.

ಆದ್ದರಿಂದ ತಮ್ಮಲ್ಲಿ ಕೆಲವು ಅರಿಕೆಗಳು. ದಯವಿಟ್ಟು ಗೇಟಿನ ಬುಡದಲ್ಲೇ ಒಂದು ಚಾವಡಿ ಕಟ್ಟಿಸಿ, ಒಂದು ತಂಬಿಗೆ ನೀರಿಡಿಸಬೇಕು. ಕೇಳಿಸಿಕೊಂಡವರು ಅಲ್ಲೇ ಕೂತು, ಕುಡಿದು, ಪುನಃ ಹೊರಡಬಹುದು. ಗಾಡಿಯಲ್ಲಿ ಮಲ್ಲಿಗೆಯ ಪರಿಮಳ ಬಂದರೆ ತಾವಾಗಿಯೇ ಮೇಲೇಳುವ ವಿದ್ಯೆಯನ್ನು ಅಭ್ಯಾಸ ಮಾಡಬೇಕು. ಅದಾಗದಿದ್ದರೆ, ನಾವು ಎಲ್ಲಿಗೆ ಹೋಗುತ್ತೇವೆಂದು ತಾವು ಕೇಳಿದಷ್ಟೇ ನಯವಾಗಿ, ನಾವು ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತದೆಂದು ನಮಗೂ ಕೇಳಲು ಒಂದು ಕಿಟಕಿ ತೆರೆಯಬೇಕು. ಬಹುಶಃ ಆ ದುಡ್ಡು ರಸ್ತೆಯ ಕೆಲಸಕ್ಕೆ ಹೊರಟದ್ದು ನಿಜವಿರಬೇಕು. ದಾರಿಯಲ್ಲಿ ಯಾರೋ ಎಲ್ಲಿಗೆ ಎಂದು ಕೇಳಿ, ಅದೂ ಯಾರದೋ ಮನೆಗೆ ಹೋಗಿ ನೀರು ಕುಡಿದು ಕೂತಿದೆ, ಇನ್ನೂ ಎದ್ದಿಲ್ಲ.

ಇಂತು, ತಾವು ಎದ್ದರೂ ಮುಂದೆ ಹೋಗಲಾರದ, ತಮ್ಮ ವಿಶ್ವಾಸಿ,
ರಾಜೇಂದ್ರ
(ಹುಡುಗನ ಸೋದರಮಾವ)

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಹುಡುಗಿಯೇ ಸುಧೀರನಿಗೆ ಫೋನು ಮಾಡಿ, "ನೀವ್ ದಾಟುದ್ ಬ್ಯಾಡ, ನಾವ್ ದಾಟುದ್ ಬ್ಯಾಡ, ಗೇಟಿನ್ ಹತ್ರವೇ ಕಾಂಬ" ಎಂದಿದ್ದಾಳೆ. ಅದರಂತೆ ಬರುವ ಭಾನುವಾರ ಅವರು ಆಚೆಯಿಂದ, ನಾವು ಈಚೆಯಿಂದ ಬಂದು ತಮ್ಮ ಗೇಟಿನ ಸೂರಿನ ಕೆಳಗೆ ಸೇರುತ್ತೇವೆ. ತಮ್ಮ ನೌಕರರಿಗೂ ಗೋಳಿಬಜೆ ಉಂಟು. ಅವರಿಗೆ ಏನಾದರೂ ಕೇಳಲೇಬೇಕೆನಿಸಿದರೆ ಮದುವೆ ಯಾವಾಗ ಎಂದು ಕೇಳಲಿ. ಸರ್ವೀಸ್ ರಸ್ತೆ ಯಾವಾಗ ಎಂದು ನಾವು ಕೇಳುತ್ತೇವೆ. ಮಾತು ಕೂಡಿಬಂದರೆ ನಾವು ಅಲ್ಲೇ ತಾರೀಕು ಹೇಳುವವರಿದ್ದೇವೆ, ತಾವೂ ರಸ್ತೆಯ ತಾರೀಕಿನೊಂದಿಗೆ ಸಿದ್ಧರಾಗಿರಬೇಕು.