ಕರೆಂಟು, ಕ್ಯಾಸೆಟ್ಟು ಮತ್ತು ಎಂಟನೇ ಸ್ಟೇಜು

ಕೆಲವರನ್ನು ನಾಯಿಗಳು ಕಂಡಲ್ಲೆಲ್ಲ ಅಟ್ಟಿಸಿಕೊಂಡು ಬರುತ್ತವೆ. ಕೆಲವರ ಚಪ್ಪಲಿ ಪ್ರತಿ ಮದುವೆಯಲ್ಲೂ ಕಳೆಯುತ್ತದೆ. ನನಗೆ ಆಗಬಾರದ್ದೆಲ್ಲ ಒಂದು ವಿಡಿಯೋ ಗೇಮಿನಿಂದಲೇ ಆಗುತ್ತದೆ. ನಾನು ರಸಾಯನಶಾಸ್ತ್ರ ಓದಿದವನು. ಆದದ್ದನ್ನು ಆದ ಕ್ರಮದಲ್ಲಿ ಬರೆಯುತ್ತೇನೆ.

ಮೊದಲು ಪರಿಸ್ಥಿತಿ. ತೆಲಂಗಾಣ ಚಳವಳಿಯ ವರ್ಷಗಳು. ಊರು ಕನ್ನಡ ನಾಡಿನ ಗಡಿಯ ಜಹೀರಾಬಾದ್. ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೀಟಿನ ಕೌನ್ಸೆಲಿಂಗ್‌ಗೆ ಕಾಯುತ್ತಿದ್ದೆ. ಬಂದ್‌ಗಳ ದೆಸೆಯಿಂದ ಅದು ಮುಂದೆ ಮುಂದೆ ಹೋಗುತ್ತಿತ್ತು. ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಒಂದು ಷರತ್ತು ಹಾಕಿದ್ದರು.

"ಸೀಟು ಸಿಕ್ಕ ದಿನಾನೇ ಈ ಡಬ್ಬಿ ಗುಜರಿಗೆ ಹೋಗಬೇಕು."

ಡಬ್ಬಿ ಎಂದರೆ ಟೀವಿಗೆ ಜೋಡಿಸುವ ನನ್ನ ಗೇಮ್ ಮತ್ತು ಅದರ ಹನ್ನೊಂದು ಕ್ಯಾಸೆಟ್. ಅವುಗಳಲ್ಲಿ ಒಂದು ಆಟ ನನ್ನ ಪಾಲಿಗೆ ಮುಖ್ಯ. ನೀಲಿ ರುಮಾಲಿನ ಗಿಡ್ಡ ಮನುಷ್ಯನೊಬ್ಬ ಓಡುತ್ತಾನೆ, ಹಾರುತ್ತಾನೆ. ಒಟ್ಟು ಎಂಟು ಸ್ಟೇಜು. ನಾನು ಆರನೆಯದನ್ನು ದಾಟಿರಲಿಲ್ಲ. ಈ ಹಳೆಯ ಯಂತ್ರಕ್ಕೆ ನೆನಪಿನ ಶಕ್ತಿ ಇಲ್ಲ. ಕರೆಂಟ್ ಹೋದರೆ ಮತ್ತೆ ಮೊದಲನೆಯ ಸ್ಟೇಜು. ಪೂರ್ತಿ ಆಡಲು ಒಂದೂವರೆ ತಾಸು ಬೇಕು. ನಮ್ಮೂರಲ್ಲಿ ಕರೆಂಟ್ ಒಂದು ತಾಸಿಗಿಂತ ಹೆಚ್ಚು ಇರುತ್ತಿರಲಿಲ್ಲ.

ಡಬ್ಬಿ ಗುಜರಿಗೆ ಹೋಗುವ ಮೊದಲು ಆ ಆಟದ ಕೊನೆಯನ್ನು ಒಮ್ಮೆ ನೋಡಬೇಕು. ಬೇರೆ ಆಸೆ ಇರಲಿಲ್ಲ.

೧. ಎಣಿಕೆ

ನನ್ನ ಮೊದಲ ಕ್ಯಾಸೆಟ್ ಕೊಂಡದ್ದು ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ. ಮೇಲಿನ ಚೀಟಿಯಲ್ಲಿ ಒಂಬತ್ತು ಲಕ್ಷ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳಿವೆ ಎಂದಿತ್ತು. ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಒಂದೊಂದೇ ಆಡಿ ಬರೆದುಕೊಳ್ಳಲು ಶುರುಮಾಡಿದೆ. ಏಳನೆಯದು ಮೊದಲನೆಯದೇ ಆಗಿತ್ತು, ಹೆಸರು ಮಾತ್ರ ಬೇರೆ. ಎಂಟನೆಯದು ಎರಡನೆಯದು. ಅನುಮಾನಕ್ಕೆ ಅವಕಾಶ ಇರಬಾರದೆಂದು ಮುನ್ನೂರರವರೆಗೆ ಹೋದೆ. ಆಮೇಲೆ ನೋಟ್‌ಬುಕ್ ಹಿಡಿದು ಅಂಗಡಿಗೆ ಹೋದೆ.

"ಅಣ್ಣಾ, ಇದರಾಗ ಇರೋವು ಆರೇ ಆಟ."

ಅಂಗಡಿಯವ ನೋಟ್‌ಬುಕ್ಕನ್ನು ಗೌರವದಿಂದ ತಿರುವಿದ.

"ಎಷ್ಟು ನೋಡಿದಿ?"

"ಮುನ್ನೂರು."

ಅವನು ಕ್ಯಾಲ್ಕುಲೇಟರ್ ಒತ್ತಿದ. "ಇನ್ನಾ ಒಂಬತ್ತು ಲಕ್ಷ ತೊಂಬತ್ತೊಂಬತ್ತು ಸಾವಿರದ ಆರುನೂರ ತೊಂಬತ್ತೊಂಬತ್ತು ಉಳದಾವ. ಎಲ್ಲಾ ನೋಡಿ ಬಾ ತಮ್ಮಾ. ಆಮ್ಯಾಲ ಕುಂತು ಮಾತಾಡೋಣ."

ಅಂದಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಒಂದು ಕ್ಯಾಸೆಟ್ಟಿನಲ್ಲಿ ಒಂದೇ ಆಟ ಇರಬೇಕು. ಹೆಚ್ಚು ಹೇಳಿದವನು ಕಡಿಮೆ ಕೊಡುತ್ತಾನೆ. ರುಮಾಲಿನವನ ಆಟ ಒಂಟಿ ಕ್ಯಾಸೆಟ್. ಅದನ್ನು ನಾನು ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದೆ.

೨. ಖಂಡೆ ಪೂಜೆ

ಕ್ಯಾಸೆಟ್ ನಡೆಯದಿದ್ದರೆ ಎಲ್ಲರೂ ಅದರ ಬಾಯಿಗೆ ಊದುತ್ತಾರೆ. ಇದು ಮೂಢನಂಬಿಕೆ. ನಾನು ಇಪ್ಪತ್ತು ಸಲ ಊದಿ ಹಾಕಿದೆ, ಇಪ್ಪತ್ತು ಸಲ ಊದದೆ ತೆಗೆದು ಹಾಕಿದೆ. ಎರಡೂ ಒಂದೇ. ಕೆಲಸ ಮಾಡುವುದು ತೆಗೆದು ಹಾಕುವುದು. ಊದಿದರೆ ಉಸಿರಿನ ತೇವಕ್ಕೆ ಒಳಗಿನ ಲೋಹದ ಹಲ್ಲುಗಳು ಕಪ್ಪಾಗುತ್ತವೆ. ಈ ವಿಷಯ ಮನೆಯಲ್ಲಿ ವಿವರಿಸಿದ್ದೆ. ಅದೇ ತಪ್ಪಾಯಿತು.

ದಸರೆಯ ಖಂಡೆ ಪೂಜೆಯ ದಿನ ಪೇಟೆಯಿಂದ ಬಂದೆ. ಅವ್ವ ಕುಡುಗೋಲು, ಈಳಿಗೆ, ಅಪ್ಪನ ಸೈಕಲ್ಲು, ನನ್ನ ಗೇಮು ಎಲ್ಲಕ್ಕೂ ಭಸ್ಮ ಹಚ್ಚಿ ಸಾಲಾಗಿ ಇಟ್ಟಿದ್ದಳು. ಕ್ಯಾಸೆಟ್‌ಗಳಿಗೂ ಮೂರು ಮೂರು ಬೆರಳಿನ ಪಟ್ಟೆ. ಅಲ್ಲಿಗೆ ಸರಿ. ಆದರೆ ರುಮಾಲಿನವನ ಕ್ಯಾಸೆಟ್ ಮಾತ್ರ ಬಿಸಿಲಲ್ಲಿ ತಾಮ್ರದ ತಂಬಿಗೆಯ ಪಕ್ಕದಲ್ಲಿ ಒಣಗುತ್ತಿತ್ತು.

"ಅವ್ವಾ, ಇದಕ್ಕೇನ್ ಮಾಡಿದಿ?"

"ಒಳಗಿನ ಹಲ್ಲು ಕರ್ರಗಾಗ್ತಾವ ಅಂತ ನೀನೇ ಅಂದಿದ್ದಿಲ್ಲ? ಹುಣಸಿಹಣ್ಣು ಹಚ್ಚಿ ತಿಕ್ಕೀನಿ. ಹ್ಯಾಂಗ ಹೊಳ್ಯಾಕತ್ಯಾವ ನೋಡು!"

ನಿಜವಾಗಿಯೂ ಹೊಳೆಯುತ್ತಿದ್ದವು. ಹುಣಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಮೇಲಿನ ಕಿಲುಬನ್ನು ತೆಗೆಯುತ್ತದೆ. ಇದು ಎರಡನೆಯ ವರ್ಷದ ಪರೀಕ್ಷೆಯಲ್ಲಿ ನಾನೇ ಬರೆದ ಉತ್ತರ. ಆದರೆ ಹುಣಸೆಯ ನಾರು ಮತ್ತು ನೀರು ಒಳಗೆ ಸೇರಿ ಕ್ಯಾಸೆಟ್ ಸತ್ತಿತ್ತು. ಟೀವಿಗೆ ಹಾಕಿದರೆ ಬೂದು ಬಣ್ಣ ಬಿಟ್ಟು ಏನೂ ಬರಲಿಲ್ಲ.

"ಹನ್ನೊಂದರಾಗ ಇದೊಂದನ್ನೇ ಯಾಕ ತೊಳದಿ ಅವ್ವಾ?"

"ಉಳದಾವು ನೀ ಆಡೂದಿಲ್ಲಲ್ಲಪಾ. ಇದು ನಿನ್ನ ಪ್ರೀತೀದು ಅಂತ ಎರಡು ಸರ್ತಿ ತಿಕ್ಕೀನಿ."

೩. ಟವೆಲ್ಲಿನ ಕೆಳಗೆ

ಅದೇ ಆಟದ ಇನ್ನೊಂದು ಕ್ಯಾಸೆಟ್ ನಾರಾಯಣಖೇಡ್‌ನ ತೊಗರಿ ಸಾಹುಕಾರರ ಬಳಿ ಇದೆ ಎಂದು ತಿಳಿಯಿತು. ಬಂದ್ ಇಲ್ಲದ ದಿನ ನೋಡಿ ಬಸ್ ಹತ್ತಿದೆ. ಅವರ ಅಳಿಯ ದುಬೈಯಿಂದ ತಂದುಕೊಟ್ಟಿದ್ದನಂತೆ. ಅದು ಗಾಜಿನ ಕಪಾಟಿನಲ್ಲಿ, ಪ್ಲಾಸ್ಟಿಕ್ ಗುಲಾಬಿಗಳ ನಡುವೆ, ಹೊದಿಕೆ ಸಹ ಹರಿಯದೆ ಕೂತಿತ್ತು.

"ಒಮ್ಮಿನೂ ಆಡಿಲ್ಲೇನ್ರಿ?"

"ಆಡಿದ್ರ ಹಳೇದಾಗ್ತದಲ್ಲ ತಮ್ಮಾ."

ಸಂಗ್ರಹ ಮಾಡುವವರಲ್ಲಿ ಎರಡು ಪಂಗಡ: ಆಡುವವರು, ಹೊದಿಕೆ ಹರಿಯದವರು. ಎರಡನೆಯವರ ಬಗ್ಗೆ ನಾನು ಓದಿದ್ದೆ. ಅವರಲ್ಲೊಬ್ಬರನ್ನು ತೊಗರಿ ಚೀಲಗಳ ನಡುವೆ ಕಂಡದ್ದು ಅದೇ ಮೊದಲು.

"ನನಗ ಮಾರ್ತೀರೇನ್ರಿ?"

ಸಾಹುಕಾರರು ಹೆಗಲ ಮೇಲಿನ ಟವೆಲ್ ತೆಗೆದು ತಮ್ಮ ಕೈ ಮೇಲೆ ಹಾಕಿಕೊಂಡರು. ಆ ಕೈಯನ್ನು ನನ್ನತ್ತ ಚಾಚಿದರು. ಅಲ್ಲಿಯ ಪದ್ಧತಿಯೇ ಹಾಗೆ. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಪಕ್ಕದ ವ್ಯಾಪಾರಿಗೆ ಗೊತ್ತಾಗಬಾರದು. ನಾನೂ ಕೈ ಒಳಗೆ ಹಾಕಿದೆ. ಅವರು ನನ್ನ ಎರಡು ಬೆರಳು ಹಿಡಿದು ಮಾಡಿನ ಕಡೆ ನೋಡಿದರು. ಆಮೇಲೆ ನಾಲ್ಕು ಹಿಡಿದರು. ನನಗೆ ಏನೂ ತಿಳಿಯಲಿಲ್ಲ. ಗಾಬರಿಯಾಯಿತು. ಗಾಬರಿಯಾದಾಗ ಮೂರು ವರ್ಷದಿಂದ ನನ್ನ ಹೆಬ್ಬೆರಳು ಮಾಡುವುದು ಒಂದೇ ಕೆಲಸ. ಅದು ಎರಡು ಸಲ ಒತ್ತಿತು. ಆಟದಲ್ಲಿ ಅದು ಹಾರುವ ಗುಂಡಿ.

ಸಾಹುಕಾರರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಆತು. ಮುಗೀತು."

"ಏನ್ ಮುಗೀತ್ರಿ?"

"ವ್ಯಾಪಾರ. ಎರಡು ಚೀಲ ತೊಗರಿ, ಅದರ ಮ್ಯಾಲ ಕ್ಯಾಸೆಟ್ಟು."

"ನನಗ ತೊಗರಿ ಬ್ಯಾಡ್ರಿ!"

"ಬರೇ ಕ್ಯಾಸೆಟ್ ಮಾರಾಕ ಇದೇನ್ ಕ್ಯಾಸೆಟ್ಟಿನ ಅಂಗಡಿ ಏನು? ಮತ್ತ ಹೆಬ್ಬಟ್ಟು ಒತ್ತಿದವರು ಯಾರು? ಅದೂ ಎರಡು ಸರ್ತಿ. ಒಂದು ಸರ್ತಿ ಒತ್ತಿದ್ರ ಒಂದೇ ಚೀಲ ಇತ್ತು."

ಕೈಮುಗಿದು ಬೇಡಿ ಒಂದು ಚೀಲಕ್ಕೆ ಇಳಿಸಿದೆ. ಬಸ್ಸಿನ ಮೇಲೆ ಹಾಕಿ ಮನೆಗೆ ತಂದೆ. ಅವ್ವ ಚೀಲಕ್ಕೆ ಕೈ ಹಾಕಿ ಕಾಳು ತೆಗೆದು ನೋಡಿದಳು. ಮುಖ ಅರಳಿತು.

"ಕಾಳು ಚಲೋ ಅದ. ಹೋಳಿಗಿ ಮಾಡೂಣು. ಮುಂದಿನ ಕ್ಯಾಸೆಟ್ಟು ಬೆಲ್ಲದ ಅಂಗಡ್ಯಾಗ ತೊಗೊಂಡು ಬಾ."

೪. ಗುರಿ

ಕ್ಯಾಸೆಟ್ ಬಂತು. ಅಷ್ಟರಲ್ಲಿ ರಿಮೋಟಿನ ಹಾರುವ ಗುಂಡಿ ಸವೆದು ಹೋಗಿತ್ತು. ಹಳೆಯ ರಿಮೋಟ್ ತಾಂಡೂರಿನ ಒಂದು ಅಂಗಡಿಯಲ್ಲಿ ಸಿಗುತ್ತಿತ್ತು. ಕೊಳ್ಳುವ ವಸ್ತುವನ್ನು ನನ್ನ ಯಂತ್ರಕ್ಕೇ ಜೋಡಿಸಿ ನೋಡದೆ ಕೊಳ್ಳುವುದಿಲ್ಲ ಎಂಬುದು ನನ್ನ ನಿಯಮ. ಆದ್ದರಿಂದ ಇಡೀ ಡಬ್ಬಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋದೆ. ಅಡಾಪ್ಟರ್ ಬಿಸಿಯಾಗುತ್ತದೆಂದು ಅದರ ಕೆಳಗಿಡಲು ನೆಲಕ್ಕೆ ಹಾಸುವ ತಾಂಡೂರು ಕಲ್ಲಿನ ಒಂದು ಗೇಣು ತುಂಡನ್ನೂ ಅಲ್ಲೇ ಆರಿಸಿಕೊಂಡೆ. ಅಂಗಡಿಯವ ರಿಮೋಟನ್ನು ಬಿಡಿಯಾಗಿ ಕೊಡಲು ಒಪ್ಪಲಿಲ್ಲ. ನನ್ನ ಆರು ಆಟದ ಕ್ಯಾಸೆಟ್ಟಿನಲ್ಲಿದ್ದ ಬಾತುಕೋಳಿ ಹೊಡೆಯುವ ಆಟದ ಪ್ಲಾಸ್ಟಿಕ್ ಗನ್ ಜೊತೆಗೇ ಕೊಟ್ಟ.

ಹಿಂದಿರುಗುವಾಗ ನಮ್ಮೂರ ಅಂಚಿನಲ್ಲಿ ಪೊಲೀಸರು ಬಸ್ ನಿಲ್ಲಿಸಿದರು. ಮರುದಿನ ಬಂದ್ ಇತ್ತು. ಎಸ್‌ಐ ಸಾಹೇಬರು ನನ್ನ ಬ್ಯಾಗ್ ತೆರೆದು ಒಂದೊಂದಾಗಿ ತೆಗೆದರು. ಡಬ್ಬಿ. ವೈರು. ಕಲ್ಲು. ಗನ್ನು.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವರು ಎದ್ದು ಹಿಂದೆ ಹೋದರು.

"ಇದು ಯಾರಿಗೆ ಹೊಡೆಯೋದು?" ಸಾಹೇಬರು ತೆಲುಗಿನಲ್ಲಿ ಕೇಳಿದರು.

"ಬಾತುಕೋಳಿಗೆ, ಸರ್."

"ಬಾತುಕೋಳಿ ಎಲ್ಲಿವೆ?"

"ಟೀವಿಯಲ್ಲಿ, ಸರ್."

"ಕಲ್ಲು?"

"ತಂಪಿಗೆ, ಸರ್."

ಪಕ್ಕದ ಚಹಾ ಹೋಟೆಲಿನ ಟೀವಿಗೆ ಜೋಡಿಸಿ ತೋರಿಸಬೇಕಾಯಿತು. ಬಾತುಕೋಳಿಗಳು ಹಾರಿದವು. ಸಾಹೇಬರು ಹತ್ತು ಗುಂಡು ಹೊಡೆದರು. ಒಂದೂ ಬೀಳಲಿಲ್ಲ. ಗನ್ ಕೆಟ್ಟಿದೆ ಎಂದರು. ಇಬ್ಬರು ಪೇದೆಗಳೂ ಹೊಡೆದರು. ಬಾತುಕೋಳಿಗಳಿಗೆ ಏನೂ ಆಗಲಿಲ್ಲ. ನನಗೆ ಉಪಕರಣದ ಮೇಲೆ ಬಂದ ಸುಳ್ಳು ಆಪಾದನೆ ಸಹಿಸಲಾಗಲಿಲ್ಲ. ಗನ್ ಈಸಿಕೊಂಡು ಹತ್ತಕ್ಕೆ ಹತ್ತು ಬೀಳಿಸಿದೆ.

ಸಾಹೇಬರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು.

"ಟ್ರೈನಿಂಗ್ ಎಲ್ಲಿ ಆಯಿತು?"

ಅಂದಿನಿಂದ ನನ್ನ ಹೆಸರು ಅವರ ಪುಸ್ತಕದಲ್ಲಿದೆ: ಬಿ.ಎಸ್ಸಿ., ನಿರುದ್ಯೋಗಿ, ಗುರಿ ಚೆನ್ನಾಗಿದೆ.

೫. ಯಾರ ಕೆಲಸ ಅವರು

ಈಗ ಕ್ಯಾಸೆಟ್ ಇತ್ತು, ರಿಮೋಟ್ ಇತ್ತು. ಕರೆಂಟ್ ಮಾತ್ರ ಇರಲಿಲ್ಲ. ನೌಕರರ ಮುಷ್ಕರ ಶುರುವಾಗಿತ್ತು. ಅಪ್ಪ ದಿನವೂ ಊಟದ ಡಬ್ಬಿ ಹಿಡಿದು, ಕಚೇರಿಗೆ ಹೋಗುವ ಹೊತ್ತಿಗೇ ಸರಿಯಾಗಿ, ಹೆದ್ದಾರಿ ಪಕ್ಕದ ಧರಣಿ ಟೆಂಟಿಗೆ ಹೋಗುತ್ತಿದ್ದರು. ಕೌನ್ಸೆಲಿಂಗ್ ಎಂದು ಬೇಕಾದರೂ ಘೋಷಣೆ ಆಗಬಹುದಿತ್ತು. ನನ್ನ ದಿನಗಳು ಮುಗಿಯುತ್ತಿದ್ದವು.

ಆ ವಾರ ಹೆದ್ದಾರಿಯಲ್ಲಿ ಒಂದು ಕಾರ್ಯಕ್ರಮ ನಡೆದಿತ್ತು. ಯಾರ ಕೆಲಸ ಅವರು ರಸ್ತೆ ಮೇಲೆ ಮಾಡಿ ತೋರಿಸುವುದು. ಸೋಮವಾರ ಮಡಿವಾಳರು ರಸ್ತೆಯಲ್ಲಿ ಇಸ್ತ್ರಿ ಮಾಡಿದರು. ಮಂಗಳವಾರ ಕ್ಷೌರಿಕರು ಲಾರಿ ಡ್ರೈವರ್‌ಗಳ ಗಡ್ಡ ತೆಗೆದರು. ಬುಧವಾರ ಹೆಂಗಸರು ಒಲೆ ಹೂಡಿ ಅಡುಗೆ ಮಾಡಿ ಎಲ್ಲರಿಗೂ ಬಡಿಸಿದರು. ಗುರುವಾರ ನಿರುದ್ಯೋಗಿ ಪದವೀಧರರ ಸರದಿ. ಬಂದವರು ನನ್ನನ್ನೂ ಸೇರಿಸಿ ಮೂವರು. ಟೆಂಟಿನ ಮುಖಂಡರು, ನಿವೃತ್ತ ಮಾಸ್ತರರು, ವಿಚಾರಿಸಿದರು.

"ನೀವು ದಿನಾ ಏನ್ ಮಾಡ್ತೀರಿ, ಅದನ್ನ ಮಾಡ್ರಿ."

ಮೊದಲನೆಯವ ಮಲಗುತ್ತೇನೆ ಎಂದ. ಟೆಂಟಿನಲ್ಲಿ ಉಪವಾಸಕ್ಕೆ ಕೂತವರು ಬಿದ್ದಿದ್ದಾರೆಂದು ಜನ ಗಾಬರಿಯಾಗುತ್ತಾರೆ, ಬೇಡ ಎಂದರು ಮಾಸ್ತರರು. ಎರಡನೆಯವ ಪೇಪರ್ ಓದುತ್ತೇನೆ ಎಂದ. ಪೇಪರ್ ಬಂದಿರಲಿಲ್ಲ. ಮಾಸ್ತರರು ನನ್ನ ಅಪ್ಪನ ಕಡೆ ತಿರುಗಿದರು.

"ನಿಮ್ಮ ಮಗ ಮನ್ಯಾಗ ಏನ್ ಮಾಡ್ತಾನ್ರಿ?"

ಅಪ್ಪ ನೆಲ ನೋಡಿದರು. "ಏನೋ ಹಾರಸ್ತಾನ್ರಿ."

ಅರ್ಧ ತಾಸಿನಲ್ಲಿ ನಮ್ಮ ಟೀವಿ ತಳ್ಳುಗಾಡಿಯಲ್ಲಿ ಹೆದ್ದಾರಿಯ ನಡುವೆ ಬಂತು. ಮೈಕ್ ಸೆಟ್ಟಿನವನ ಜನರೇಟರಿಗೆ ಜೋಡಿಸಿದೆವು. ಡೀಸೆಲ್ ತುಂಬಿದ ಜನರೇಟರ್! ಮೂರು ವರ್ಷದಲ್ಲಿ ಮೊದಲ ಸಲ ನಿಲ್ಲದ ಕರೆಂಟು ನನ್ನದಾಗಿತ್ತು. ಅಡಾಪ್ಟರನ್ನು ಕಲ್ಲಿನ ಮೇಲಿಟ್ಟು ಶುರುಮಾಡಿದೆ.

ಎರಡನೆಯ ಸ್ಟೇಜಿಗೆ ಟೆಂಟಿನವರು ಸುತ್ತ ಬಂದರು. ನಾಲ್ಕನೆಯದಕ್ಕೆ ನಿಂತ ಲಾರಿಗಳಿಂದ ಡ್ರೈವರ್‌ಗಳು ಇಳಿದು ಬಂದರು. ಆರು ದಾಟಿದೆ. ಏಳನೆಯದನ್ನು ನಾನೂ ಅದೇ ಮೊದಲು ನೋಡುತ್ತಿದ್ದೆ. ಅವ್ವ ಹುರಿದ ತೊಗರಿ ಹಂಚುತ್ತಿದ್ದಳು. ಎಂಟನೆಯ ಸ್ಟೇಜ್ ಬಂದಾಗ ಉಳಿದದ್ದು ಒಂದೇ ಪ್ರಾಣ. ಆಗ ಜೀಪ್ ಬಂತು. ಅದೇ ಎಸ್‌ಐ ಸಾಹೇಬರು.

"ಮಧ್ಯಾಹ್ನ ಒಂದು ಗಂಟೆಗೆ ರಸ್ತೆ ಬಿಡಬೇಕು ಅಂತ ಮಾತಾಗಿತ್ತು. ಟೈಮ್ ಆಯಿತು. ತೆಗೀರಿ."

ಮಾಸ್ತರರು ಕೈಮುಗಿದರು. "ಸಾಹೇಬ್ರ, ಒಂದೇ ಜೀವ ಉಳದದ್ರಿ."

ಸಾಹೇಬರು ಬೆಚ್ಚಿ ಉಪವಾಸದವರ ಕಡೆ ಓಡಿದರು. ಅವರೆಲ್ಲ ಎದ್ದು ಟೀವಿ ನೋಡುತ್ತಿದ್ದರು. ಸಾಹೇಬರು ತಿರುಗಿ ಬಂದು, ನನ್ನ ಮುಖ ನೋಡಿ, ಗುರುತು ಹಿಡಿದರು.

"ಗನ್ ಎಲ್ಲಿ?"

"ಮನೆಯಲ್ಲಿ, ಸರ್."

"ಸರಿ. ಆಡು." ಟೊಪ್ಪಿಗೆ ತೆಗೆದು ಅವರೂ ನಿಂತರು.

ಕೊನೆಗೆ ಒಬ್ಬ ದೈತ್ಯ ಬಂದ. ಬೆಂಕಿ ಉಗುಳಿದ. ನನ್ನ ಹೆಬ್ಬೆರಳು ಬೆವತು ಜಾರುತ್ತಿತ್ತು. ಆಗ ಕಿವಿಯ ಹಿಂದೆ ಒಂದು ದನಿ ಕೂಗಿತು. "ಹಾರು! ಹಾರಲೇ! ಇನ್ನೊಮ್ಮಿ ಹಾರು!" ಅದು ಅಪ್ಪ. ಹಾರಿದೆ. ದೈತ್ಯ ಬಿದ್ದ. ಹೆದ್ದಾರಿಯಲ್ಲಿ ಜೈಕಾರ ಎದ್ದಿತು. ಲಾರಿಗಳು ಹಾರ್ನ್ ಹೊಡೆದವು.

ಟೀವಿ ಕಪ್ಪಾಯಿತು. ಮೂರು ಸಾಲು ಬರಹ ಮೂಡಿತು. ಚೀನಾದ್ದೋ ಜಪಾನಿನದೋ ಲಿಪಿ. ನಾನು ಮೂರು ವರ್ಷ ಕಾದ ಕೊನೆ ಅದೇ. ಊರಲ್ಲಿ ಕನ್ನಡ, ತೆಲುಗು, ಉರ್ದು, ಮರಾಠಿ ಬಲ್ಲವರಿದ್ದರು. ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ.

"ಏನು ಬರೆದಿದೆ?" ಸಾಹೇಬರು ಕೇಳಿದರು.

ಅಪ್ಪ ಮುಂದೆ ಬಂದು ಕನ್ನಡಕ ಸರಿಮಾಡಿಕೊಂಡರು. ಮೂರೂ ಸಾಲುಗಳ ಮೇಲೆ ನಿಧಾನವಾಗಿ ಬೆರಳಾಡಿಸಿದರು.

"ಮೂವತ್ತು ವರ್ಷ ಸರಕಾರಿ ಕಾಗದ ನೋಡೀನ್ರಿ. ಮೂರು ಸಾಲು, ಕೆಳಗ ಸಹಿ ಇಲ್ಲ, ಯಾರಿಗೂ ತಿಳಿಯೂದಿಲ್ಲ. 'ಮುಂದಿನ ಆದೇಶದವರೆಗೆ ಮುಂದೂಡಲಾಗಿದೆ.' ಬ್ಯಾರೆ ಏನೂ ಇರಾಕ ಸಾಧ್ಯ ಇಲ್ಲ."

ಅವರ ಮಾತು ಮುಗಿಯುವಷ್ಟರಲ್ಲಿ ಬರಹ ಮಾಯವಾಗಿ ಮೊದಲನೆಯ ಸ್ಟೇಜ್ ಬಂತು. ರುಮಾಲಿನವ ಮತ್ತೆ ಅಲ್ಲೇ ನಿಂತಿದ್ದ. ಜನ ಅಪ್ಪನಿಗೆ ಚಪ್ಪಾಳೆ ತಟ್ಟಿದರು.

ಮುಂದೆ ಕೌನ್ಸೆಲಿಂಗ್ ನಡೆಯಿತು. ನನಗೆ ಸೀಟೂ ಸಿಕ್ಕಿತು. ಅಂದು ಸಂಜೆ ಡಬ್ಬಿಯನ್ನೂ ಹನ್ನೆರಡು ಕ್ಯಾಸೆಟ್‌ಗಳನ್ನೂ ಬಟ್ಟೆಯಲ್ಲಿ ಕಟ್ಟಿ, ಮಾತಿನಂತೆ ಅಪ್ಪನ ಮುಂದಿಟ್ಟೆ. ಅಪ್ಪ ಗಂಟು ಬಿಚ್ಚಿದರು. ರಿಮೋಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಗುಜರಿಯವ ಬಂದಾನ್ರಿ ಅಪ್ಪಾ."

"ಮುಂದಿನ ಆದೇಶದತನಕ ನಿಲ್ಲು ಅನ್ನು," ಎಂದರು ಅಪ್ಪ. "ಹಾರೂದು ಯಾವ ಗುಂಡಿ?"