ಹೆಂಡತಿಯ ಹೆಸರಿಲ್ಲದ ಅರ್ಧ ಗಂಟೆ

ಬೆಂಗಳೂರಿನ ವಿಜಯನಗರದ ಹಾಸ್ಯ ಭಾಷಣಕಾರ ಪದ್ಮನಾಭರಾಯರು ಆ ಭಾನುವಾರ ಬೆಳಗ್ಗೆ ಕಾಫಿ ಲೋಟವನ್ನು ಟೀಪಾಯಿಯ ಮೇಲೆ ಕುಕ್ಕಿ, ಸಿಡಿಲಿಗೂ ನಡುಕ ಹುಟ್ಟುವಂಥ ಪ್ರತಿಜ್ಞೆ ಮಾಡಿದರು.

"ಜಲಜಾ, ಇವತ್ತು ಸಂಜೆ ಭಾಷಣದಲ್ಲಿ ನಿನ್ನ ಸುದ್ದಿ ಎತ್ತಲ್ಲ! ಎತ್ತಿದ್ರೆ ಇನ್ನು ಮೈಕೇ ಮುಟ್ಟಲ್ಲ!"

"ಮೈಕು ಹಾಳಾಗ್ಲಿ. ಎತ್ತಿದ್ರೆ ನಾನು ಅಲ್ಲಿಂದಾನೇ ಎದ್ದು ಮೈಸೂರಿಗೆ ತಂಗಿ ಮನೆಗೆ ಹೋಗ್ತೀನಿ. ಬ್ಯಾಗು ಸಭೆಗೇ ತರ್ತೀನಿ ಕಣ್ರೀ."

ಇಪ್ಪತ್ತೆಂಟು ವರ್ಷಗಳಿಂದ ರಾಯರ ಹಾಸ್ಯವೆಲ್ಲ ಜಲಜಮ್ಮನವರ ಒಲೆಯ ಮೇಲೇ ಬೆಂದು ಬಂದದ್ದು. ಆಕೆಯ ಉಪ್ಪಿಟ್ಟಿನಿಂದ ಅವರು ಕಾಂಪೌಂಡ್ ಕಟ್ಟಿಸಿದ್ದರು, ಚಪಾತಿಯಿಂದ ಚಪ್ಪಲಿ ಹೊಲಿಸಿದ್ದರು, ಗೊರಕೆಯಿಂದ ಮೆಟ್ರೋ ಓಡಿಸಿದ್ದರು. ಮೊನ್ನೆ ಹಾಲಿನ ಬೂತಿನವನು, "ಆ ಗೊರಕೆ ಮೇಡಂ ನೀವೇನಾ?" ಎಂದು ಭಕ್ತಿಯಿಂದ ಕೇಳಿದ ಮೇಲೆ ಜಲಜಮ್ಮ ಬ್ಯಾಗು ತುಂಬಿಟ್ಟಿದ್ದರು.

ಸಂಜೆ ಆರಕ್ಕೆ ಬಡಾವಣೆಯ ರಾಜ್ಯೋತ್ಸವ. ಅರ್ಧ ಗಂಟೆ ಜನರನ್ನು ನಗಿಸಬೇಕು. ನಗಿಸದಿದ್ದರೆ ಮುಂದಿನ ವರ್ಷ ಆ ಅರ್ಧ ಗಂಟೆ ಮ್ಯಾಜಿಕ್ ಶೋಗೆ ಎಂದು ಅಧ್ಯಕ್ಷ ಚನ್ನವೀರಪ್ಪ ಹೇಳಿಯಾಗಿತ್ತು.

"ಪ್ರಪಂಚದಲ್ಲಿ ನೀನೊಬ್ಬಳೇ ಇರೋದಾ? ಬೀದೀಲಿ ಹಾಸ್ಯ ಚೆಲ್ಲಾಡ್ತಿದೆ, ಬಾಚ್ಕೊಂಡು ಬರ್ತೀನಿ!" ಎಂದು ರಾಯರು ದಪ್ಪ ನೋಟ್‌ಬುಕ್ಕು ಹಿಡಿದು ಮಾರುಕಟ್ಟೆಗೆ ನುಗ್ಗಿದರು.

ಎಡವಟ್ಟಾದದ್ದು ಅಲ್ಲೇ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಮೂಗಿನ ತುದಿಯಲ್ಲಿ ಕನ್ನಡಕ, ಕಂಡಕಂಡವರ ಮುಖ ದಿಟ್ಟಿಸಿ ಏನೋ ಗೀಚಿಕೊಳ್ಳುವ ಚಾಳಿ! ಇಂಥವರನ್ನು ಯಾವ ಮಾರುಕಟ್ಟೆಯೂ ಹಾಸ್ಯಗಾರ ಎಂದುಕೊಂಡದ್ದಿಲ್ಲ. ಸೊಪ್ಪು ಮಾರುವ ಮುನಿತಾಯಮ್ಮ ಬುಟ್ಟಿಯನ್ನು ಫುಟ್‌ಪಾತಿನಿಂದ ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು.

"ಸಾರ್, ಒಳಗೇ ಇಟ್ಕೊಂಡಿದೀನಿ, ನೋಡ್ಕಳಿ. ಬರ್ಕೋಬೇಡಿ."

"ಅಯ್ಯೋ, ನಾನು ಕಾರ್ಪೊರೇಷನ್ ಆಫೀಸಿನವನಲ್ಲಮ್ಮಾ!"

"ಬರೋರೆಲ್ಲಾ ಮೊದ್ಲು ಹಂಗೇ ಅನ್ನೋದು."

ಅಷ್ಟರಲ್ಲಿ ಒಬ್ಬರು ತೋಳು ಹಿಡಿದರು. "ಸಾರ್, ನಮ್ಮ ರೋಡಿನ ಗುಂಡೀದು ಬರ್ಕೊಳ್ಳಿ. ಮೂರು ವರ್ಷ ತುಂಬ್ತು, ಈ ಸಲ ಸ್ಕೂಲಿಗೇ ಸೇರಿಸ್ಬೇಕು!" ಇನ್ನೊಬ್ಬಾಕೆ ರೇಷನ್ ಕಾರ್ಡು ಚಾಚಿದಳು. "ನಮ್ಮತ್ತೆ ತೀರ್ಕೊಂಡ್ರು ಅಂತ ಇದ್ರಲ್ಲಿದೆ. ಮನೇಲಿ ಗುಂಡ್ಕಲ್ಲು ಥರ ಇದಾರೆ. ಯಾವುದಾದ್ರೂ ಒಂದು ಕಡೆ ಸರಿ ಮಾಡ್ಕೊಡಿ ಸಾರ್!"

ರಾಯರು ಹೊಸಹಳ್ಳಿಯ ಕಡೆ ಓಡಿದರು, ಹಿಂದೆಯೇ ದೂರು ಹೇಳುವವರ ಸಾಲೂ ಓಡಿತು. ಹೋಟೆಲಿಗೆ ನುಗ್ಗಿದರು, ಸಾಲು ಕಾಫಿ ಕುಡಿದು ಕಾದಿತು. ಪೆನ್ನಿನ ಇಂಕು ಮುಗಿಯಿತು. ಸಾಲಿನಿಂದ ಆರು ಪೆನ್ನು ಬಂದವು! ಬರೆಯದೆ ಬಿಡುಗಡೆಯಿಲ್ಲ ಎಂದು ಬರೆದರು, ಬೆರಳು ಬೆಂಡೆಕಾಯಿಯಾಗುವವರೆಗೂ ಬರೆದರು.

ಆರು ಗಂಟೆಗೆ ವೇದಿಕೆ ಹತ್ತಿ ಪುಸ್ತಕ ತೆರೆದರೆ ಅದರಲ್ಲಿ ಚರಂಡಿ, ಬೀದಿದೀಪ, ಗುಂಡಿ. ಒಂದೇ ಒಂದು ಜೋಕಿಲ್ಲ! ಎರಡು ನಿಮಿಷ ಬರೀ ಕೆಮ್ಮಿದರು. ಹಿಂದಿನ ಸಾಲು ಹೊರಡಲು ಎದ್ದು ನಿಂತಿತು. ಅಭ್ಯಾಸಬಲದಿಂದ ನಾಲಗೆಯ ತುದಿಗೆ "ನಮ್ಮ ಮನೆಯವಳು..." ಬಂದೇಬಿಟ್ಟಿತ್ತು. ಮುಂದಿನ ಸಾಲಿನಲ್ಲಿ ಜಲಜಮ್ಮನವರ ಕೈ ಬ್ಯಾಗಿನ ಹಿಡಿಕೆಯ ಮೇಲೆ ಬಿತ್ತು. ರಾಯರು ಮಾತು ನುಂಗಿ, ಗತಿಯಿಲ್ಲದೆ ಆ ದೂರುಗಳನ್ನೇ ಓದತೊಡಗಿದರು.

ಸಭೆ ಸಿಡಿಯಿತು! ಗುಂಡಿಯನ್ನು ಸ್ಕೂಲಿಗೆ ಸೇರಿಸುವಾಗ ಶಾಮಿಯಾನದ ಗೂಟ ಅಲ್ಲಾಡಿತು. ಅತ್ತೆಯ ಸರದಿ ಬಂದಾಗ ಚನ್ನವೀರಪ್ಪನವರು ನಕ್ಕ ರಭಸಕ್ಕೆ ಅವರ ಪೇಟ ಉರುಳಿ ಮೂರನೇ ಸಾಲಿನಲ್ಲಿ ಸಿಕ್ಕಿತು. "ಮುಂದಿನ ವರ್ಷಾನೂ ನೀವೇ ಸಾರ್!" ಎಂದು ಅವರು ಮೈಕಿನಲ್ಲೇ ಘೋಷಿಸಿದರು.

ವಾಪಸು ನಡೆಯುವಾಗ ರಾಯರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

"ಹೆಂಗೆ! ಅರ್ಧ ಗಂಟೆ, ಒಂದು ಸಲ ಆದ್ರೂ ನಿನ್ನ ಸುದ್ದಿ ಎತ್ತಿದ್ನಾ?"

ಜಲಜಮ್ಮನವರ ಮುಖ ಊದಿಕೊಂಡಿತ್ತು.

"ಎತ್ಲಿಲ್ಲ. ಅದನ್ನ ಇಡೀ ಬಡಾವಣೆ ಗಮನಿಸ್ತು. ಐದು ಜನ ಬಂದು ನನ್ನ ಕೈ ಹಿಡ್ಕೊಂಡು, 'ಧೈರ್ಯವಾಗಿರಿ ಜಲಜಮ್ಮಾ' ಅಂದ್ರು. ಪಕ್ಕದ್ಮನೆ ಜಗದಾಂಬಾ ಅಂತೂ ಒಳ್ಳೇ ವಕೀಲರ ನಂಬರ್ರೇ ಕೊಟ್ಟು ಹೋದ್ಲು!"